ಸಾಮಾನಿನ ಹಿಂದೆ ಬಂದ ಸಂಸಾರ

ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಫೋನು ಬಂದಾಗ ಉಮಾಪತಿಯ ಬಾಯ್ತುಂಬ ಹಲ್ಲುಜ್ಜುವ ನೊರೆ ಇತ್ತು. ಹಚ್ಚೊಳ್ಳಿಯ ಮೈಲಾರಲಿಂಗಪ್ಪನವರು ಮಾತಾಡುತ್ತಿದ್ದರು. ಭಾನುವಾರ ಮಾರಾಟದ ಮನೆ ನೋಡಲು ಬರುತ್ತೇವೆ ಅಂದಿದ್ದವರು ಆಗಲೇ ಸಿರುಗುಪ್ಪಕ್ಕೆ ಬಂದಿದ್ದರು. ಹೆಂಡತಿಗೆ ಹಲ್ಲುನೋವಂತೆ, ಬಳ್ಳಾರಿಯಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಹನ್ನೊಂದಕ್ಕೆಲ್ಲ ಕೌಲ್ ಬಜಾರಿನ ಮನೆಯ ಹತ್ತಿರ ಇರುತ್ತಾರಂತೆ. ಉಮಾಪತಿ ನೊರೆಯನ್ನು ನುಂಗಿ, ಆಗಲಿ ಬನ್ನಿ ಎಂದ.

ಫೋನು ಇಟ್ಟ ಮೇಲೆ ಬಾಯಿ ತೊಳೆಯುವುದೂ ಅವನಿಗೆ ಮರೆತುಹೋಯಿತು. ಮನೆಯೇನೋ ತಯಾರಾಗಿತ್ತು, ಆದರೆ ಒಳಗೆ ಎರಡು ಬಣ್ಣದ ಡಬ್ಬಿ ಮತ್ತು ಒಂದು ಪೊರಕೆ ಬಿಟ್ಟರೆ ಹುಡುಕಿದರೂ ಇನ್ನೊಂದು ಸಾಮಾನು ಇರಲಿಲ್ಲ. ಮೈಲಾರಲಿಂಗಪ್ಪನವರಿಗೆ ಅವನು ಹೇಳಿದ್ದೇ ಬೇರೆ. ಬೀಗ ಹಾಕಿದ ಮನೆ ನನಗೆ ತೋರಿಸಬೇಡ, ದಿನಾ ದೀಪ ಹಚ್ಚುವ ಮನೆ ಇದ್ದರೆ ಹೇಳು ಎಂದು ಅವರು ಮೊದಲ ದಿನವೇ ಷರತ್ತು ಹಾಕಿದ್ದರು. ಇವನು ತಡವರಿಸದೆ, ನಮ್ಮ ಹಿರಿಯರು ಅಲ್ಲೇ ಇದ್ದಾರೆ, ತುಂಬಿದ ಮನೆ ಎಂದು ಒದರಿಬಿಟ್ಟಿದ್ದ.

ಉಮಾಪತಿ ಹನ್ನೆರಡು ವರ್ಷ ಟೈಲ್ಸ್ ಅಂಗಡಿಯಲ್ಲಿ ಗಿರಾಕಿಗಳಿಗೆ ಟೈಲ್ಸ್ ತೋರಿಸಿದವನು. ಎರಡು ವರ್ಷದ ಹಿಂದೆ ಕುರುಗೋಡಿನಲ್ಲಿ ಒಂದು ಹಳೇ ಮನೆ ಅಗ್ಗಕ್ಕೆ ಸಿಕ್ಕಿತು. ಬಣ್ಣ ಬಳಿದು, ಟೈಲ್ಸ್ ಹಾಕಿ, ಬಾಡಿಗೆಯ ಸೋಫಾ ಮಂಚ ಇಟ್ಟು ತೋರಿಸಿದ. ಕೊಳ್ಳುವವನಿಗೆ ಅವಸರವಿತ್ತು, ಒಳ್ಳೇ ಲಾಭಕ್ಕೆ ಹೋಯಿತು. ಅದು ಕೊಳ್ಳುವವನ ಅವಸರದ ಫಲ ಎಂದು ಊರಿಗೆಲ್ಲ ತಿಳಿದಿತ್ತು, ತನ್ನ ಜಾಣತನ ಎಂದು ಉಮಾಪತಿಗೆ ಮಾತ್ರ ತಿಳಿದಿತ್ತು. ಆ ಧೈರ್ಯದಲ್ಲಿ ಕೆಲಸ ಬಿಟ್ಟು, ತಾವು ವಾಸವಿದ್ದ ಮನೆಯನ್ನೂ ಮಾರಿ, ಕೌಲ್ ಬಜಾರಿನ ಈ ಮನೆ ಕೊಂಡ.

ಅಂದಿನಿಂದ ಗಂಡಹೆಂಡತಿಯ ವಾಸ ಹೆಂಡತಿ ವಿಜಯಲಕ್ಷ್ಮಿಯ ಅಣ್ಣ ಕರಿಬಸವನ ಮಾಳಿಗೆಯ ಒಂಟಿ ಕೋಣೆಯಲ್ಲಿ. ಕರಿಬಸವನದು ಸಿಮೆಂಟಿನ ಅಂಗಡಿ. ಊಟಕ್ಕೆ ಕೂತಾಗಲೆಲ್ಲ, ನಮ್ಮಲ್ಲಿ ಚೀಲ ಎಣಿಸುವವರು ಬೇಕಾಗಿದ್ದಾರೆ ಎಂದು ಅನ್ನದ ಪಾತ್ರೆಗೆ ಹೇಳಿದಂತೆ ಹೇಳುತ್ತಿದ್ದ. ಕಳೆದ ಅಮಾವಾಸ್ಯೆಯ ದಿನ ಉಮಾಪತಿಗೆ ರೇಗಿಹೋಯಿತು. ಈ ತಿಂಗಳೊಳಗೆ ಮನೆ ಮಾರದಿದ್ದರೆ ಒಂದನೇ ತಾರೀಖಿನಿಂದ ನಾನೇ ಬಂದು ನಿನ್ನ ಚೀಲ ಎಣಿಸುತ್ತೇನೆ ಎಂದು ಎಲ್ಲರೆದುರು ಎದ್ದು ನಿಂತು ಹೇಳಿದ. ಒಂದನೇ ತಾರೀಖು ಸೋಮವಾರ ಬರುವುದಿತ್ತು. ಈ ಮೈಲಾರಲಿಂಗಪ್ಪನವರನ್ನು ಬಿಟ್ಟರೆ ಬೇರೆ ಗಿರಾಕಿಯ ಸುಳಿವೇ ಇರಲಿಲ್ಲ.

ಬಾಡಿಗೆ ಸಾಮಾನಿನ ಅಂಗಡಿಯವನಿಗೆ ಫೋನು ಮಾಡಿದರೆ, ಸೋಫಾ ಮಂಚ ಎಲ್ಲಾ ಒಂದು ನಿಶ್ಚಿತಾರ್ಥಕ್ಕೆ ಹೋಗಿವೆ, ನೀವು ಹೇಳಿದ್ದು ಶನಿವಾರಕ್ಕಲ್ಲವೇ ಎಂದ. ಆ ಮಾತೂ ನಿಜವೇ. ಉಮಾಪತಿ ಅರ್ಧ ಉಜ್ಜಿದ ಹಲ್ಲಿನಲ್ಲೇ ಸ್ಕೂಟರ್ ಹತ್ತಿ ಕೌಲ್ ಬಜಾರಿಗೆ ಓಡಿದ.

ಮನೆಯ ಪಕ್ಕದ ಗೋಡೆಗೆ ಗೋಡೆ ಹಚ್ಚಿಕೊಂಡು ಮಲ್ಲಯ್ಯನ ಮನೆ. ಮಲ್ಲಯ್ಯ ಹತ್ತಿ ಮಿಲ್ಲಿನಲ್ಲಿ ದುಡಿದು ನಿವೃತ್ತನಾದವನು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವನ ಪಾಲಿನ ಮಾತನ್ನೂ ಹೆಂಡತಿ ಹನುಮಮ್ಮ ಆಡುತ್ತಿದ್ದಳು. ಉಮಾಪತಿ ಹೋಗಿ, ಎರಡು ತಾಸಿನ ಮಟ್ಟಿಗೆ ನಿಮ್ಮ ಮಂಚ, ನಾಲ್ಕು ಹಿತ್ತಾಳೆ ಕೊಡ, ದೇವರ ದೀಪ ಕೊಡಿ ಎಂದು ಕೈ ಮುಗಿದ. ಹನುಮಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, ಇವತ್ತು ವಾರ ಯಾವುದು ಎಂದು ಕೇಳಿದಳು.

ಉಮಾಪತಿಗೆ ಆಗ ಹೊಳೆಯಿತು. ಶುಕ್ರವಾರ ಯಾರ ಮನೆಯಿಂದಲೂ ಒಂದು ಚಮಚ ಉಪ್ಪು ಕೂಡ ಹೊಸಿಲು ದಾಟುವುದಿಲ್ಲ, ಅಂಥದ್ದರಲ್ಲಿ ಮಂಚ ಕೇಳಿದ್ದ. ದೀಪವನ್ನಂತೂ ಬಾಯಿಬಿಟ್ಟು ಕೇಳಿದ್ದೇ ತಪ್ಪು. ಅವನು ಹೊಸಿಲ ಮೇಲೆಯೇ ಕುಸಿದು, ಚೀಲ ಎಣಿಸುವ ಕತೆಯನ್ನೆಲ್ಲ ಹೇಳಿಕೊಂಡ. ಕಣ್ಣಲ್ಲಿ ನೀರು ಬಂದದ್ದು ನಟನೆಯಲ್ಲ. ಹನುಮಮ್ಮನ ಮನಸ್ಸು ಕರಗಿತು. ಸ್ವಲ್ಪ ಹೊತ್ತು ಯೋಚಿಸಿ ತಾನೇ ಒಂದು ದಾರಿ ಹುಡುಕಿದಳು.

"ಸಾಮಾನು ಒಂದ ಹೋದ್ರ ಮನಿ ಲಕ್ಷ್ಮಿ ಹೋದಂಗಪ್ಪ. ಅದರ ಕೂಡ ನಾನೂ ಹೋದ್ರ, ಊರಿಗಿ ಹೋಗಿ ಬಂದಂಗ. ಮಂಚದ ಮ್ಯಾಲೆ ನಾನ ಕುಂದರ್ತೀನಿ. ದೀಪ ನಾನ ಹಚ್ಚತೀನಿ. ಆದ್ರ ಒಂದು ಮಾತು, ಶುಕ್ರವಾರ ದಿನ ನನ್ನ ಕೈಲಿ ಸುಳ್ಳು ಹೇಳಸಬ್ಯಾಡ."

ಸುಳ್ಳಿನ ಜವಾಬ್ದಾರಿಯೆಲ್ಲ ನನ್ನದು, ನೀವು ಸುಮ್ಮನೆ ಕೂತರೆ ಸಾಕು ಎಂದು ಉಮಾಪತಿ ಅವಳ ಕಾಲು ಮುಟ್ಟಿದ.

ಓಣಿಯಲ್ಲಿ ಸುದ್ದಿ ಹರಡಲು ಎಷ್ಟು ಹೊತ್ತು ಬೇಕು. ಹನುಮಮ್ಮ ಹೇಳಿದ್ದೇ ಶಾಸ್ತ್ರವಾಯಿತು. ಎದುರುಮನೆಯ ದರ್ಜಿ ಮಂಜಮ್ಮ ತನ್ನ ಸೋಫಾ ಕೊಡಲು ಒಪ್ಪಿದಳು, ಆದರೆ ಸೋಫಾದ ಜೊತೆ ತಾನೂ ಬರಬೇಕು, ತಾನು ಬಂದರೆ ಹೊಲಿಗೆ ಯಂತ್ರವೂ ಬರಬೇಕು, ಸಂಜೆಗೆ ಆರು ಬ್ಲೌಸು ಕೊಡುವುದಿತ್ತು. ಮೂಲೆಮನೆಯ ಪಕ್ಕೀರಪ್ಪ ಬಸ್ ಕಂಡಕ್ಟರನಾಗಿ ನಿವೃತ್ತನಾದವನು, ಅವನ ಬಳಿ ಕೀಲಿ ಹಾಕುವ ಹಳೇ ಫ್ರಿಜ್ ಇತ್ತು. ತಳ್ಳುಗಾಡಿಯ ಮೇಲೆ ಫ್ರಿಜ್ ಬಂದಾಗ ಅವನು ಬಸ್ಸಿನ ಫುಟ್‌ಬೋರ್ಡಿನ ಮೇಲೆ ನಿಂತಂತೆ ಗಾಡಿಯ ಮೇಲೆ ನಿಂತುಕೊಂಡೇ ಬಂದ. ಸಾಮಾನು ಹೊತ್ತು ಹೊತ್ತು ಉಮಾಪತಿಯ ಸೊಂಟ ಹಿಡಿದುಕೊಂಡಿತು.

ಹತ್ತೂವರೆಗೆ ಮನೆ ತುಂಬಿತ್ತು. ಸಾಮಾನು ತುಂಬಿದ್ದು ಸಂತೋಷವೇ, ಜನವೂ ತುಂಬಿದ್ದು ಅವನ ಲೆಕ್ಕದಲ್ಲಿರಲಿಲ್ಲ. ಹಿಂದಿನ ಕೋಣೆಯ ಸ್ವಿಚ್ಚುಗಳಿಗೆ ಇನ್ನೂ ವೈರು ಎಳೆದಿರಲಿಲ್ಲ, ಬರೀ ಬೋರ್ಡು ಕೂರಿಸಿದ್ದ. ಹಾಗಾಗಿ ಫ್ರಿಜ್ಜು ನಡುಮನೆಯಲ್ಲಿ ದೇವರ ಪಕ್ಕಕ್ಕೆ ನಿಂತಿತು. ಮಂಜಮ್ಮನ ಯಂತ್ರ ಕಟಕಟ ಎನ್ನುತ್ತಿತ್ತು. ಫ್ರಿಜ್ಜಿನ ಸದ್ದಿಗೆ ತನಗೆ ತಲೆನೋವು ಎಂದು ಮಂಜಮ್ಮ, ಯಂತ್ರದ ಸದ್ದಿಗೆ ಫ್ರಿಜ್ಜು ಕೆಡುತ್ತದೆ ಎಂದು ಪಕ್ಕೀರಪ್ಪ ಜಗಳ ತೆಗೆದರು. ಉಮಾಪತಿ ಇಬ್ಬರಿಗೂ ಕೈ ಮುಗಿದು ಪಾತ್ರ ಹಂಚಿದ. ಮಲ್ಲಯ್ಯ ಹನುಮಮ್ಮ ತನ್ನ ದೊಡ್ಡಪ್ಪ ದೊಡ್ಡವ್ವ, ಮಂಜಮ್ಮ ಅಕ್ಕ, ಪಕ್ಕೀರಪ್ಪ ಕಾಕಾ. ಯಾರೂ ಬಾಯಿ ಬಿಡಬಾರದು, ಮಾತೆಲ್ಲ ತನ್ನದು.

ಆಮೇಲೆ ಹನುಮಮ್ಮ ಎದ್ದು ದೇವರ ಗೂಡಿನಲ್ಲಿ ತನ್ನ ದೀಪ ಇಟ್ಟು ಹಚ್ಚಿದಳು. ಆರು ತಿಂಗಳಲ್ಲಿ ಉಮಾಪತಿ ಆ ಮನೆಗೆ ಏನೇನೋ ಮಾಡಿಸಿದ್ದ. ಹಳೇ ತೊಲೆ ಕಾಣದಂತೆ ಪಿಓಪಿ ಚಾವಣಿ ಕಟ್ಟಿಸಿದ್ದ, ತೇವ ಕಾಣದಂತೆ ಗೋಡೆಗೆ ಹಲಗೆ ಹೊಡೆಸಿ ಹೂವಿನ ಕಾಗದ ಅಂಟಿಸಿದ್ದ. ದೀಪ ಒಂದನ್ನು ಹಚ್ಚಿರಲಿಲ್ಲ. ಈಗ ಆ ಸಣ್ಣ ಬೆಳಕಿನಲ್ಲಿ ಮನೆ ನಿಜವಾಗಿಯೂ ಯಾರೋ ಬದುಕುತ್ತಿರುವ ಮನೆಯಂತೆ ಕಂಡಿತು. ಅವನಿಗೆ ಒಂದು ಕ್ಷಣ ಸುಖವೂ ಆಯಿತು, ಭಯವೂ ಆಯಿತು. ಇದನ್ನು ಮೊದಲೇ ಮಾಡಿದ್ದರೆ ನಾವೇ ಇಲ್ಲಿ ಇದ್ದುಬಿಡಬಹುದಿತ್ತಲ್ಲ ಎಂದು ಅನಿಸಿ, ಆ ಯೋಚನೆಯನ್ನು ಒತ್ತಿ ಕೂರಿಸಿದ.

ಹನ್ನೊಂದಕ್ಕೆ ಸರಿಯಾಗಿ ಕಾರು ಬಂತು. ಮೈಲಾರಲಿಂಗಪ್ಪನವರು ಎತ್ತರದ ಆಳು, ಬಿಳಿ ಅಂಗಿ, ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ಹಿಂದೆ ಕೆನ್ನೆ ಊದಿಸಿಕೊಂಡ ಹೆಂಡತಿ ವಿರೂಪಮ್ಮ. ಮಗಳು ಐಶ್ವರ್ಯಳಿಗೆ ಬಳ್ಳಾರಿಯ ಬ್ಯಾಂಕಿನಲ್ಲಿ ಕೆಲಸವಾಗಿತ್ತು, ಅವಳ ಜೊತೆ ಬಂದಿರಲು ಮನೆ ಬೇಕಾಗಿತ್ತು. ಮೈಲಾರಲಿಂಗಪ್ಪನವರು ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಚಪ್ಪಲಿ ಬಿಟ್ಟರು. ನಿನ್ನೆ ಸಂಜೆ ಹೊಡೆಸಿದ ವಾರ್ನಿಶ್ ಇನ್ನೂ ಒಣಗಿರಲಿಲ್ಲ.

ಅವರ ಬೆನ್ನ ಮೇಲೆ ಒಂದು ಗೇಣು ಅಗಲದ ಕಂದು ಪಟ್ಟಿ ಮೂಡಿದ್ದನ್ನು ನೋಡಿದವನು ಉಮಾಪತಿ ಒಬ್ಬನೇ. ಅಂದಿನಿಂದ, ಅಂದರೆ ಆ ನಿಮಿಷದಿಂದ, ಅವನು ಅವರ ಬೆನ್ನು ಬಿಡಲಿಲ್ಲ. ಅವರು ಅಡುಗೆಮನೆಗೆ ಹೋದರೆ ಹಿಂದೆ, ತಿರುಗಿದರೆ ತಾನೂ ಸುತ್ತಿ ಮತ್ತೆ ಹಿಂದೆ. ವಿರೂಪಮ್ಮನ ಕಣ್ಣಿಗೆ ಪಟ್ಟಿ ಬೀಳದಿದ್ದರೆ ಸಾಕಾಗಿತ್ತು. ಮುಂದೆ ನಿಂತು ಪಿಓಪಿ ಬಣ್ಣಿಸಬೇಕಾದವನು ಹಿಂದಿನಿಂದ ಬಣ್ಣಿಸುತ್ತಿದ್ದುದರಿಂದ ಯಾರು ಮಾತಾಡುತ್ತಿದ್ದಾರೆ ಎಂದು ಅವರು ಆಗಾಗ ತಿರುಗಿ ನೋಡುತ್ತಿದ್ದರು.

ಅವರು ಪಿಓಪಿ ನೋಡಲಿಲ್ಲ. ಗೋಡೆಯ ಕಾಗದದ ಮೇಲೆ ಬೆರಳ ಗೆಣ್ಣಿನಿಂದ ಒಮ್ಮೆ ಬಡಿದರು. ಒಳಗಿಂದ ಹಲಗೆ ಬಡಿದಂಥ ಸದ್ದು ಬಂತು. ಮೇಲೆ ಥಳಕು ಒಳಗೆ ಹುಳುಕು ಎಂಬ ಗಾದೆ ಅವರ ಮುಖದ ಮೇಲೆ ಹಾದುಹೋದದ್ದು ಉಮಾಪತಿಗೆ ಸ್ಪಷ್ಟವಾಗಿ ಕಂಡಿತು. ಅಷ್ಟರಲ್ಲಿ ವಿರೂಪಮ್ಮ ಹಲ್ಲಿಗೆ ತಣ್ಣೀರು ಕೇಳಿದಳು. ಉಮಾಪತಿ ಫ್ರಿಜ್ಜಿಗೆ ಕೈ ಹಾಕಿದ, ಅದಕ್ಕೆ ಕೀಲಿ ಹಾಕಿತ್ತು. ಪಕ್ಕೀರಪ್ಪ ನಿಧಾನಕ್ಕೆ ಎದ್ದು, ಉಡಿದಾರದಲ್ಲಿದ್ದ ಕೀಲಿಯಿಂದ ತೆಗೆದು, ಒಂದು ಲೋಟ ನೀರು ಕೊಟ್ಟು, ಮತ್ತೆ ಕೀಲಿ ಹಾಕಿದ. ಕಾಕಾಗೆ ಸ್ವಲ್ಪ ಮರೆವು ಎಂದು ಉಮಾಪತಿ ನಕ್ಕ. ಪಕ್ಕೀರಪ್ಪ ಕೆಕ್ಕರಿಸಿಕೊಂಡು ನೋಡಿದ.

ವಿರೂಪಮ್ಮ ಲೋಟ ಹಿಡಿದು ಹೋಗಿ ಹನುಮಮ್ಮನ ಮಂಚದ ಮೇಲೆ ಕೂತುಬಿಟ್ಟಳು. ಉಮಾಪತಿ ಇಕ್ಕಟ್ಟಿಗೆ ಸಿಕ್ಕ. ಹತ್ತಿರ ಹೋಗಿ ಮಾತು ತಡೆಯೋಣವೆಂದರೆ ಬೆನ್ನಿನ ಪಟ್ಟಿ ಬಿಡುವ ಹಾಗಿಲ್ಲ. ಮೈಲಾರಲಿಂಗಪ್ಪನವರನ್ನು ಹಿಂದಿನಿಂದ ಕಾಯುತ್ತ, ಅಲ್ಲಿಗೆ ಕಿವಿ ಕೊಟ್ಟು ನಿಂತ.

ಎಷ್ಟು ವರ್ಷದ ಬಾಳುವೆ ಎಂದು ವಿರೂಪಮ್ಮ ಕೇಳಿದಳು. ಸೊಸೆಯಾಗಿ ಬಂದು ನಲವತ್ಮೂರು ವರ್ಷವಾಯಿತು ಎಂದಳು ಹನುಮಮ್ಮ. ಅದು ನಿಜವೇ, ಪಕ್ಕದ ಮನೆಗೆ. ಮೂರು ಹೆರಿಗೆ ಆಯಿತು, ಮೂರು ಮದುವೆ ಆಯಿತು, ಒಂದು ದಿನ ಒಲೆ ಹಚ್ಚದೆ ಮಲಗಿದ್ದಿಲ್ಲ ಎಂದಳು. ಅದೂ ನಿಜವೇ. ಉಮಾಪತಿಯ ಉಸಿರು ಸಲೀಸಾಯಿತು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮುದುಕಿ ಎಷ್ಟು ಚೆನ್ನಾಗಿ ಮಾತಾಡುತ್ತಾಳೆ ಎಂದು ಮೆಚ್ಚಿಕೊಳ್ಳುವಷ್ಟರಲ್ಲಿ ವಿರೂಪಮ್ಮ ಮನೆಗೆ ಏನಾದರೂ ಕುಂದುಂಟೇ ಎಂದು ಕೇಳಿದಳು.

"ಮಳಿಗಾಲದಾಗ ಅಡಗಿ ಮನಿ ಮೂಲಿ ಸೋರತೈತವ್ವ," ಎಂದಳು ಹನುಮಮ್ಮ. "ಹಿತ್ತಲ ಬಾಗಲ ಬಗ್ಗಿ ದಾಟಬೇಕು, ಇಲ್ಲಾಂದ್ರ ಹಣಿ ಬಡೀತೈತಿ. ಇಲಿನೂ ಅದಾವು. ಆದ್ರ ಮನಿ ನಮ್ಮನ್ನ ಒಂದು ದಿನ ಕೈ ಬಿಟ್ಟಿಲ್ಲ."

ಉಮಾಪತಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಸೋರುವುದಿಲ್ಲ ಎಂದು ಹೇಳಲೇ, ಇಲಿ ಇಲ್ಲ ಎನ್ನಲೇ, ಏನು ಹೇಳಿದರೂ ದೊಡ್ಡವ್ವ ಸುಳ್ಳುಗಾತಿಯಾಗುತ್ತಾಳೆ. ಆದರೆ ವಿರೂಪಮ್ಮನ ಮುಖ ಅರಳಿತ್ತು. ಗಂಡನನ್ನು ಕರೆದು, ಇಷ್ಟು ದಿನದಲ್ಲಿ ಒಂಬತ್ತು ಮನೆ ನೋಡಿದೆವು, ಸೋರುತ್ತದೆ ಎಂದು ಬಾಯಿಬಿಟ್ಟು ಹೇಳಿದವರು ಇವರೊಬ್ಬರೇ ಎಂದಳು. ಮೈಲಾರಲಿಂಗಪ್ಪನವರು ತಲೆದೂಗಿದರು. ಸೋರಲಾರದ ಮನೆ ಎಲ್ಲಿದೆ, ಸೋರುವುದನ್ನು ಹೇಳುವ ಮನುಷ್ಯರು ಬೇಕು ಎಂದರು. ಗಂಡಹೆಂಡತಿ ಕಣ್ಣಲ್ಲೇ ಮಾತಾಡಿಕೊಂಡರು.

ವಿರೂಪಮ್ಮ ಕೈಚೀಲದಿಂದ ಎಲೆ-ಅಡಿಕೆ ತೆಗೆದಳು. ಶುಕ್ರವಾರ ತಾವೂ ದುಡ್ಡು ಕೈಬಿಡುವುದಿಲ್ಲ, ಎಲೆ-ಅಡಿಕೆ ಕೊಟ್ಟು ಮಾತು ಕಟ್ಟಿಕೊಂಡು ಹೋಗುತ್ತೇವೆ, ಮುಂಗಡ ಸೋಮವಾರ ಎಂದರು ಮೈಲಾರಲಿಂಗಪ್ಪನವರು. ಉಮಾಪತಿಗೆ ಕಿವಿಯಲ್ಲಿ ಓಲಗ ಕೇಳಿಸಿತು. ಸಿಮೆಂಟಿನ ಚೀಲಗಳು ಒಂದೊಂದಾಗಿ ಹಾರಿಹೋಗುತ್ತಿರುವುದು ಕಣ್ಣಿಗೆ ಕಂಡಿತು. ಬೆನ್ನಿನ ಪಟ್ಟಿ ಮರೆತು ಮುಂದೆ ಬಂದು, ಎರಡೂ ಕೈ ಒಡ್ಡಿ ನಿಂತ.

ಮೈಲಾರಲಿಂಗಪ್ಪನವರು ಅವನ ಕೈಗಳನ್ನು ದಾಟಿಕೊಂಡು ಹೋದರು.

"ಹಿರೇರು ಕುಂತಿರಬೇಕಾದ್ರ ನಿನ್ನ ಕೈಗಿ ಕೊಡೋದು ಚೊಲೊ ಅಲ್ಲಪ್ಪ," ಎಂದು ಹೇಳಿ, ಗೋಡೆಗೆ ಒರಗಿ ಕೂತಿದ್ದ ಮಲ್ಲಯ್ಯನ ಮುಂದೆ ಬಾಗಿದರು. "ನಲವತ್ಮೂರು ವರ್ಷ ನೀವು ಬಾಳಿದ ಮನಿ. ನಮಗ ಕೊಡ್ರಿ." ಎಲೆ-ಅಡಿಕೆಯನ್ನು ಮಲ್ಲಯ್ಯನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು.

ಹಾಗಲ್ಲ, ಮನೆ ನನ್ನದು ಎಂದು ಉಮಾಪತಿ ಹೇಳಬೇಕಿತ್ತು. ಹೇಳಿದರೆ ದೊಡ್ಡಪ್ಪ ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಬಿಸಿತುಪ್ಪ ನುಂಗಲೂ ಆಗದು, ಉಗುಳಲೂ ಆಗದು. ಹೋಗಲಿ, ಇವರು ಹೋದ ಮೇಲೆ ಮಲ್ಲಯ್ಯನ ಕೈಯಿಂದ ಇಸಿದುಕೊಂಡರಾಯಿತು ಎಂದು ಸಮಾಧಾನ ಮಾಡಿಕೊಳ್ಳುವಾಗ ಹನುಮಮ್ಮ ಮಂಚದಿಂದ ಇಳಿದಳು. ಎಲೆ-ಅಡಿಕೆ ಹಿಡಿದು ಸುಳ್ಳಿಗೆ ಸಾಕ್ಷಿಯಾಗುವುದು, ಅದೂ ಶುಕ್ರವಾರ, ದೀಪ ಉರಿಯುತ್ತಿರುವಾಗ, ಅವಳ ಕೈಲಿ ಆಗಲಿಲ್ಲ.

"ಯಣ್ಣಾ, ನಾವು ಬಾಳಿದ ಮನಿ ಇದಲ್ಲ. ಬಾಜೂಕಿಂದು. ಈ ಹುಡುಗ ಕಷ್ಟದಾಗ ಅದಾನಂತ ಮಂಚದ ಕೂಡ ಬಂದು ಕುಂತೀನಿ. ನಾ ಹೇಳಿದ್ದೆಲ್ಲ ನಮ್ಮ ಮನಿ ಮಾತು."

ಮಂಜಮ್ಮನ ಯಂತ್ರ ನಿಂತಿತು. ಮೈಲಾರಲಿಂಗಪ್ಪನವರು ಉಮಾಪತಿಯನ್ನು ನೋಡಿದ ನೋಟಕ್ಕೆ ಅವನು ಒಂದು ಹೆಜ್ಜೆ ಹಿಂದೆ ಸರಿದ. ಎಲೆ-ಅಡಿಕೆ ಕಿತ್ತುಕೊಂಡು ಕಾರು ಹತ್ತುತ್ತಾರೆ ಎಂದುಕೊಂಡ. ಅವರು ಹಾಗೆ ಮಾಡಲಿಲ್ಲ. ಬಹಳ ಹೊತ್ತು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡು, ಕೊಟ್ಟ ಎಲೆ-ಅಡಿಕೆ ಹಿಂದಕ್ಕೆ ಬಂದದ್ದು ನಮ್ಮ ವಂಶದಲ್ಲಿಲ್ಲ, ಯಾರ ಕೈಗೆ ಕೊಟ್ಟಿದ್ದೇನೋ ಅವರ ಮನೆ ನೋಡೋಣ ನಡೀರಿ ಎಂದರು.

ಎಲ್ಲರೂ ಪಕ್ಕದ ಮನೆಗೆ ಹೋದರು. ಉಮಾಪತಿ ಹಿಂದೆ ಹಿಂದೆ ಹೋದ, ಈಗ ಕಾಯಲು ಬೆನ್ನೂ ಇರಲಿಲ್ಲ. ಬಿಸಿಲಿಗೆ ಬಂದ ಕೂಡಲೇ ವಿರೂಪಮ್ಮ ಗಂಡನ ಅಂಗಿಯ ಕಂದು ಪಟ್ಟಿ ಕಂಡುಹಿಡಿದಿದ್ದಳು. ಮಲ್ಲಯ್ಯನ ಮನೆಯಲ್ಲಿ ಹೊಗೆಗೆ ಕಪ್ಪಾದ ತೊಲೆಗಳಿದ್ದವು, ಕೆಂಪು ಗಾರೆಯ ನೆಲ ಅಲ್ಲಲ್ಲಿ ಸೀಳಿತ್ತು, ಹಿತ್ತಲ ಬಾಗಿಲಿಗೆ ಮೈಲಾರಲಿಂಗಪ್ಪನವರ ಹಣೆ ಹೇಳಿದಂತೆಯೇ ಬಡಿಯಿತು. ಅವರಿಗೆ ಅದೂ ಸಂತೋಷವಾಯಿತು, ಹೇಳಿದ ಮಾತಿಗೂ ಕಂಡದ್ದಕ್ಕೂ ತಾಳೆಯಾಯಿತು ಎಂದರು. ಗೋಡೆ ಬಡಿದರೆ ಮಣ್ಣಿನ ಗಟ್ಟಿ ಸದ್ದು ಬಂತು. ಈ ಮನೆಯ ಬಣ್ಣ ಮೈಗೆ ಹತ್ತುವುದಿಲ್ಲ ಎಂದು ವಿರೂಪಮ್ಮ ಎಲ್ಲರಿಗೂ ಕೇಳುವಂತೆ ಹೇಳಿದಳು. ಮಕ್ಕಳ ಮದುವೆಯಾದ ಮೇಲೆ ಇಬ್ಬರಿಗೇ ಉಳಿದಿದ್ದ ಆ ಮನೆಗೆ ಮಲ್ಲಯ್ಯ ದಿನದ ತನ್ನ ಮೊದಲ ಮಾತಾಗಿ ಒಂದು ಬೆಲೆ ಹೇಳಿದ. ಉಮಾಪತಿ ತನ್ನ ಮನೆಗೆ ಕೇಳಿದ್ದ ಬೆಲೆಗಿಂತ ಅದು ಎಷ್ಟೋ ಕಡಿಮೆಯಿತ್ತು. ಅಲ್ಲಿಗೆ ವ್ಯಾಪಾರ ಮುಗಿಯಿತು. ಕಾರು ಸಿರುಗುಪ್ಪದ ದಾರಿ ಹಿಡಿಯಿತು.

ಉಮಾಪತಿ ತನ್ನ ಮನೆಯ ಮೆಟ್ಟಿಲ ಮೇಲೆ ಬಿಸಿಲಲ್ಲಿ ಕೂತ. ಸಿಟ್ಟು ಯಾರ ಮೇಲೆ ಮಾಡಬೇಕೋ ಗೊತ್ತಾಗಲಿಲ್ಲ. ಮಂಜಮ್ಮ ಪಕ್ಕೀರಪ್ಪ ತಮ್ಮ ತಮ್ಮ ಸಾಮಾನಿನ ಜೊತೆ ವಾಪಸು ಹೋದರು, ತಳ್ಳುಗಾಡಿ ಹಿಡಿಯಲು ಅವನನ್ನೇ ಕರೆದರು. ಅವನು ಹಿಡಿದ. ಹನುಮಮ್ಮನ ಮಂಚ ಮಾತ್ರ ಅಲುಗಲಿಲ್ಲ. ಮಲ್ಲಯ್ಯ ಬಂದು, ಮೆಟ್ಟಿಲ ಮೇಲೆ ಅವನ ಪಕ್ಕ ಕೂತು, ಅಳುಕುತ್ತ ವಿಷಯ ತೆಗೆದ.

"ಮನಿ ಕೊಟ್ವಿ, ಇನ್ನ ನಾವೂ ಎಲ್ಲೆರ ಇರಬೇಕಲ್ಲಪ್ಪ. ಮುದುಕಿ ನಿನ್ನ ಅಡಗಿ ಕಟ್ಟಿ ಮುಂದ ನಿಂತು ನೋಡ್ಯಾಳ, ಸೊಂಟ ಬಗ್ಗಸೋದು ಬೇಕಾಗಿಲ್ಲ ಅಂತಾಳ. ಸಾಮಾನು ಹೆಂಗೂ ಇಲ್ಲೇ ಅದಾವು. ಒಂದು ಆರು ತಿಂಗಳು ನಮಗ ಬಾಡಿಗಿ ಕೊಟ್ಟುಬಿಡು."

ಬೆಳಿಗ್ಗೆ ಕಾಲು ಮುಟ್ಟಿದವರಿಗೆ ಮಧ್ಯಾಹ್ನ ಇಲ್ಲವೆನ್ನುವುದು ಹೇಗೆ. ಉಮಾಪತಿ ತಲೆಯಾಡಿಸಿದ. ಬಾಡಿಗೆದಾರರಿರುವ ಮನೆಯನ್ನು ಯಾರೂ ಕೊಳ್ಳುವುದಿಲ್ಲ ಎಂಬುದು ಅವನಿಗೆ ತಲೆಯಾಡಿಸಿದ ಮೇಲೆ ನೆನಪಾಯಿತು.

ವಿಜಯಲಕ್ಷ್ಮಿಯ ಫೋನು ಬಂತು. ಏನಾಯಿತು ಎಂದು ಕೇಳಿದಳು. ಮಾರಾಟವಾಯಿತು ಎಂದ. ಅವಳು ಸಂತೋಷದಿಂದ ಅಣ್ಣನನ್ನು ಕೂಗುವ ಮೊದಲೇ, ಮಲ್ಲಯ್ಯನ ಮನೆ ಎಂದು ಸೇರಿಸಿದ. ಆಮೇಲೆ ಅವಳು ಮೆಲ್ಲಗೆ, ಬೈಯದೆ, ಸೋಮವಾರ ಬೆಳಿಗ್ಗೆ ಏಳಕ್ಕೆ ಸಿಮೆಂಟಿನ ಲಾರಿ ಬರುತ್ತದಂತೆ, ಅಣ್ಣ ಹೇಳುತ್ತಿದ್ದಾನೆ ಎಂದಳು. ಅವಳು ಬೈದಿದ್ದರೆ ಅವನಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಫೋನು ಕಿಸೆಗೆ ಹಾಕಿಕೊಂಡು ಅವನು ಹಾಗೇ ಕೂತಿದ್ದ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಹನುಮಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, ಅವನನ್ನು ನೋಡಿ ಮರುಗಿದಳು.

"ಬಿಸಲಾಗ ಯಾಕ ಕುಂತಿ ಯಪ್ಪಾ, ಒಳಗ ಬಾ, ಒಂದು ರೊಟ್ಟಿ ತಿನ್ನು," ಎಂದಳು. "ಸಂಕೋಚ ಮಾಡಕೋಬ್ಯಾಡ. ನಿಂದ ಮನಿ ಅಂತ ತಿಳಕೋ."

ಉಮಾಪತಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದ.